ರಸ್ತೆ ದಾಟಿ ಹೋಗಿ ಕೇಳಿದ ಸಿಸ್ಟರ್‌ಗೆ

ಗದಗ, ಫೆಬ್ರವರಿ ೩೦, ೨೧೬೮

ಮಾನ್ಯ ಸಿಸ್ಟರ್ ರೇಚಲ್ ದೊಡ್ಡಮನಿ ಅವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ‘ಬಿಡುದಿನ’ ಎಂದು ಬಿಟ್ಟಿದ್ದಾರೆ, ಆ ದಿನಗಳಲ್ಲಿ ಪರೀಕ್ಷೆ ಇಡುವಂತಿಲ್ಲ. ಇಂಥ ಮಾತುಗಳು ಮುಂದೆಯೂ ಬರಬಹುದು, ದಯವಿಟ್ಟು ಕ್ಷಮಿಸಿ. ನನ್ನ ಕನ್ನಡಕ್ಕೂ ಕ್ಷಮಿಸಿ. ಆರನೇ ವರ್ಷದಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಯೋಚಿಸಿ ಇನ್ನರ್ಧಕ್ಕೆ ಕನ್ನಡ ಹುಡುಕುತ್ತೇನೆ. ಟೆನ್ಷನ್ ಆದರೆ ಎರಡೂ ಬ್ಲಾಂಕ್ ಆಗುತ್ತವೆ.

ನನ್ನ ಹೆಸರು ಸಂಪದಾ ಬಣಕಾರ. ಇಲ್ಲಿನ ನೀರಾವರಿ ಕಾಲೇಜಿನಲ್ಲಿ ಫಸ್ಟ್ ಇಯರ್. ನಮಗೆ ಭಾಷೆಯ ಪೇಪರಿನಲ್ಲಿ ‘ಹಿಂಟಪಾಲು’ ಎಂಬ ಅಸೈನ್‌ಮೆಂಟ್ ಇದೆ. ನೂರು ವರ್ಷಕ್ಕಿಂತ ಹಿಂದೆ ಇದ್ದ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಪತ್ರ ಬರೆಯಬೇಕು. ಪತ್ರಗಳನ್ನು ದಾಖಲೆ ಭವನದ ಯಂತ್ರಕ್ಕೆ ಕೊಡುತ್ತಾರೆ, ಅದು ಹಿಂದಕ್ಕೆ ಕಳಿಸುತ್ತದಂತೆ. ಮುಟ್ಟುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಮುಟ್ಟಿದರೂ ಉತ್ತರ ಬರುವ ದಾರಿಯಿಲ್ಲ. ಹತ್ತು ಮಾರ್ಕ್ಸ್. ನನ್ನ ಕ್ಲಾಸಿನವರೆಲ್ಲ ರಾಜರಿಗೂ ವಿಜ್ಞಾನಿಗಳಿಗೂ ಬರೆಯುತ್ತಿದ್ದಾರೆ. ನಾನು ನಿಮಗೆ ಬರೆಯುತ್ತೇನೆಂದು ಸೆಪ್ಟೆಂಬರಿನಲ್ಲೇ ನಿಶ್ಚಯ ಮಾಡಿದ್ದೆ, ಆಸ್ಪತ್ರೆಯ ಮಂಚದ ಮೇಲೆ.

ನಿಮ್ಮ ಡ್ಯೂಟಿ ನೋಟ್‌ಬುಕ್ಕು ನಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಗಾಜಿನ ಒಳಗಿದೆ. ೨೦೨೭ರ ಮಾರ್ಚ್ ತಿಂಗಳ ಒಂದು ಪುಟವನ್ನು ತೆರೆದಿಟ್ಟಿದ್ದಾರೆ. ಅಂಗಾಂಗ ದಾನದ ಕೆಲಸ ನೋಡಿಕೊಳ್ಳುತ್ತಿದ್ದ ನೀವು, ಮಿದುಳು ನಿಂತ ಒಬ್ಬನ ಹೃದಯ ತೆಗೆದುಕೊಳ್ಳುವ ಮೊದಲು, ನೀಲಿ ಪೆನ್ನಿನಲ್ಲಿ ಹೀಗೆ ಬರೆದಿದ್ದೀರಿ: “ಕುಡೀತಿದ್ದನೇ ಅಂತ ಕೇಳಿದೆ. ಹೆಂಡತಿ ಇಲ್ಲ ಅಂದಳು, ಅಣ್ಣ ಇಲ್ಲ ಅಂದ. ಇಬ್ಬರೂ ನೆಲ ನೋಡುತ್ತಿದ್ದರು. ರಸ್ತೆ ದಾಟಿ ಹೋಗಿ ಕೇಳಿದೆ.” ರಸ್ತೆಯ ಆಚೆ ಒಂದು ಬಾರ್, ಅದರ ಮುಂದೆ ಆಮ್ಲೆಟ್ ಗಾಡಿ. ಸತ್ತವನ ಗೆಳೆಯ ಅಲ್ಲಿ ಅಳುತ್ತಾ ಕೂತಿದ್ದ. “ದಿನಾ ಒಂದು ಕ್ವಾರ್ಟರ್ ಸಿಸ್ಟರ್, ಅಮಾಸಿಗೆ ಇಲ್ಲ” ಎಂದ. ನೀವು ಬಂದು ಹೇಳಿದಿರಿ, ಡಾಕ್ಟರರು ತಿಳಿದೇ ಆ ಹೃದಯ ತೆಗೆದುಕೊಂಡರು, ತಿಳಿದೇ ಮೊದಲ ವಾರಗಳ ಔಷಧಿ ಬದಲಿಸಿದರು, ಪಡೆದ ಹೆಂಗಸು ಬದುಕಿದಳು. ಸಮವಸ್ತ್ರದಲ್ಲಿ ಬಾರಿನ ಮುಂದೆ ನಿಂತದ್ದಕ್ಕೆ ನಿಮಗೆ ಮೆಮೊ ಬಂತು. ಅದೂ ಅದೇ ಪುಟದಲ್ಲಿ ಅಂಟಿಸಿದೆ.

ಕುಡಿತ ಈಗ ಇಲ್ಲವೆಂದು ನೀವು ಆಸೆ ಇಟ್ಟುಕೊಂಡಿದ್ದರೆ ಕ್ಷಮಿಸಿ, ಇದೆ. ಕಪ್ಪತಗುಡ್ಡದ ಸುತ್ತ ಪಾಪಸುಕಳ್ಳಿ ಹಣ್ಣಿನಿಂದ ಸಾರಾಯಿ ಮಾಡುತ್ತಾರೆ, ಕೆಂಪಗೆ, ನೋಡಲು ಶರಬತ್ತಿನ ಹಾಗೆ. ಹೃದಯದ ಕೊರತೆಯೂ ಹೋಗಿಲ್ಲ. ಯಂತ್ರದ ಹೃದಯಗಳು ಇವೆ, ಆದರೆ ನನ್ನಂಥ ಸಣ್ಣ ಎದೆಗೆ ಅವು ಒಂದು ವರ್ಷಕ್ಕಿಂತ ಹೆಚ್ಚು ಒಗ್ಗುವುದಿಲ್ಲ. ಕುಡಿಯುವವನ ಹೃದಯ ಇನ್ನೊಬ್ಬರ ಎದೆಯಲ್ಲಿ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ನಿಮ್ಮ ಕಾಲದ ಡಾಕ್ಟರರಲ್ಲೇ ಒಮ್ಮತವಿರಲಿಲ್ಲ ಎಂದು ಓದಿದ್ದೇನೆ; ಕೆಲವರು ತೊಂದರೆ ಎಂದರು, ಕೆಲವರು ವ್ಯತ್ಯಾಸವೇ ಕಾಣಲಿಲ್ಲ ಎಂದರು. ನಮ್ಮವರು ಅಂಥ ಹೃದಯವನ್ನು ಎಸೆಯುವುದಿಲ್ಲ. ಎಷ್ಟು, ಎಷ್ಟು ವರ್ಷ ಎಂದು ನಿಜ ತಿಳಿಯಬೇಕು ಅಷ್ಟೇ. ಅದರ ಮೇಲೆ ಯಾರಿಗೆ ಕೊಡಬಹುದು, ಮೊದಲ ನಲವತ್ತು ದಿನ ಹೇಗೆ ಕಾಯಬೇಕು ಎಂದು ತೀರ್ಮಾನಿಸುತ್ತಾರೆ. ಸ್ಕ್ಯಾನಿನಲ್ಲಿ ಸ್ನಾಯು ಕಾಣುತ್ತದೆ, ಅಭ್ಯಾಸ ಕಾಣುವುದಿಲ್ಲ.

ಅದಕ್ಕಾಗಿ ನಿಮ್ಮ ಆ ಒಂದು ಸಾಲಿನಿಂದ ಒಂದು ಪದ್ಧತಿಯೇ ಬೆಳೆಯಿತು. ಹದಿನೆಂಟು ತುಂಬಿದ ಪ್ರತಿಯೊಬ್ಬರೂ ತಮ್ಮ ದಾನದ ಕಾರ್ಡಿನಲ್ಲಿ ಒಬ್ಬ ‘ಲೋಟಸಾಕ್ಷಿ’ಯ ಹೆಸರು ಬರೆಯಬೇಕು. ಮನೆಯವರಲ್ಲ, ಜೊತೆಗೆ ಕೂತು ಕುಡಿಯುವವರು, ಕುಡಿಯದವರಾದರೆ ಕುಡಿಯುವುದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲ ಗೆಳೆಯರು. ಬಹಳ ಗೌರವದ ಸ್ಥಾನ ಅದು. ಹೆಣ್ಣು ನೋಡಲು ಬಂದರೆ ಗಂಡಿನ ಜಾತಕಕ್ಕಿಂತ ಮೊದಲು ಲೋಟಸಾಕ್ಷಿ ಯಾರೆಂದು ಕೇಳುತ್ತಾರೆ. ಹೃದಯ ಕೊಡುವ ಹೊತ್ತು ಬಂದಾಗ ಆ ಸಾಕ್ಷಿಯನ್ನು ಕರೆಸಿ ‘ಕೇಳಿಕೆ’ ನಡೆಸುತ್ತಾರೆ, ಹೇಳಿದ್ದನ್ನೆಲ್ಲ ಕೇಳಿಕೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪಡೆಯುವ ರೋಗಿ ಪರದೆಯ ಹಿಂದೆ ಮಲಗಿ ಎಲ್ಲ ಕೇಳಬೇಕು, ಏಕೆಂದರೆ ಅಪಾಯ ಅವರದು. ಸಾಕ್ಷಿಗೆ ರೋಗಿ ಕಾಣಬಾರದು, ರೋಗಿ ಮಾತಾಡಬಾರದು. ಕರುಣೆಯಿಂದ ಸುಳ್ಳು ಹುಟ್ಟಬಾರದೆಂದು ಈ ನಿಯಮ.

ನನಗೆ ಜುಲೈನಲ್ಲಿ ಕಾಲೇಜು ಸೇರಿದ ವಾರವೇ ಎರಡನೇ ಮಹಡಿ ಹತ್ತಲು ಆಗದಾಯಿತು. ರ್‍ಯಾಗಿಂಗ್ ಭಯಕ್ಕೆ ಎದೆ ಬಡಿಯುತ್ತಿದೆ ಎಂದುಕೊಂಡೆ. ಹೃದಯದ ಸ್ನಾಯು ಸಡಿಲವಾಗಿದೆ ಎಂದರು. ಅವ್ವ ಆಲಮಟ್ಟಿಯ ಹಿನ್ನೀರಿನ ತೇಲುಗದ್ದೆಗಳಲ್ಲಿ ಕೆಲಸ ಮಾಡುತ್ತಾಳೆ. ತೆಪ್ಪದಂಥ ಹಾಸಿನ ಮೇಲೆ ಮಣ್ಣು ಹರಡಿ ಭತ್ತ ಬೆಳೆಯುತ್ತಾರೆ, ಗಾಳಿ ಬಂದರೆ ಗದ್ದೆಯೇ ಪಕ್ಕದೂರಿಗೆ ಹೋಗುತ್ತದೆ. ಅವಳು ದೋಣಿ, ಬಸ್ಸು ಹಿಡಿದು ಬಂದು ನನ್ನ ಪಕ್ಕ ಕೂತಳು. ಏಳು ವಾರ ಕಾದೆವು. ಎಂಟನೇ ವಾರ ದಾಟುವುದು ಕಷ್ಟ ಎಂದು ಡಾಕ್ಟರರು ಅವ್ವನಿಗೆ ಹೊರಗೆ ಹೇಳಿದರು. ಅವಳ ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಜೋರಾಗಿ ಹೇಳಬೇಕಾಯಿತು, ನನಗೂ ಕೇಳಿಸಿತು.

ಸೆಪ್ಟೆಂಬರ್ ಹನ್ನೆರಡಕ್ಕೆ ಒಂದು ಹೃದಯ ಬಂತು. ನಿಂಗರಾಜ ಎಂಬವರದು, ವಯಸ್ಸು ಮೂವತ್ತೆಂಟು, ಕಪ್ಪತಗುಡ್ಡದ ಗಾಳಿಕಂಬಗಳ ರೆಕ್ಕೆ ರಿಪೇರಿ ಮಾಡುವವರು. ಕಂಬದಿಂದ ಬಿದ್ದದ್ದಲ್ಲ, ಕೆಲಸ ಮುಗಿಸಿ ಗುಡ್ಡ ಇಳಿಯುವಾಗ ಸಾಮಾನಿನ ಗಾಡಿ ಮಗುಚಿ ತಲೆಗೆ ಪೆಟ್ಟಾಗಿತ್ತು. ಮಿದುಳು ನಿಂತಿತ್ತು, ಹೃದಯ ನಡೆಯುತ್ತಿತ್ತು. ಹೆಂಡತಿ ಶಿವಲೀಲಾ ದಾನಕ್ಕೆ ಒಪ್ಪಿದ್ದರು. ಅವರ ಲೋಟಸಾಕ್ಷಿ ದ್ಯಾಮಣ್ಣ, ಅವರ ‘ಹಗ್ಗದ ಜೊತೆಗಾರ’. ಕಂಬ ಏರುವವನೊಬ್ಬ, ಕೆಳಗೆ ನಿಂತು ಅವನ ಹಗ್ಗ ಹಿಡಿಯುವವನೊಬ್ಬ. ಇಬ್ಬರದೂ ಹದಿಮೂರು ವರ್ಷದ ಜೋಡಿ.

ಕೇಳಿಕೆ ನಡೆದದ್ದು ‘ನೆರಳುಹೊತ್ತಿ’ನಲ್ಲಿ. ಹನ್ನೊಂದರಿಂದ ನಾಲ್ಕರವರೆಗೆ ನಮ್ಮಲ್ಲಿ ಊರೇ ಬಾಗಿಲು ಹಾಕಿರುತ್ತದೆ, ಬಿಸಿಲಿಗೆ ನಾಯಿಯೂ ಹೊರಬರುವುದಿಲ್ಲ. ಆ ಬಿಸಿಲಲ್ಲಿ ದ್ಯಾಮಣ್ಣ ನಡೆದು ಬಂದಿದ್ದರು. ಪರದೆಯ ಆಚೆ ಅವರು ನೀರು ಕುಡಿಯುವ ಸದ್ದು ಕೇಳಿಸಿತು, ಗಟಗಟ ಎಂದು. ಡಾಕ್ಟರರೂ ವಾರ್ಡಿನ ಸಿಸ್ಟರೂ ಇದ್ದರು. ಪ್ರಶ್ನೆ ಕೇಳುವುದು ಸಿಸ್ಟರ್ ಕೆಲಸ, ಅದೂ ನಿಮ್ಮಿಂದಲೇ ಬಂದದ್ದು.

“ದ್ಯಾಮಣ್ಣಾರ, ನಿಂಗರಾಜ ಅವರು ದಿನಕ್ಕ ಎಷ್ಟು ತಗೋತಿದ್ರು?”

“ಎಷ್ಟು ಅಂತ ಕೇಳ್ತೀರೇನ್ರಿ? ನಮ್ಮ ನಿಂಗ್ಯಾ ಏನ್ ಅಳದು ಕುಡಿಯೋ ಗಂಡಸೇನ್ರಿ? ಒಂದು ಬಾಟ್ಲಿ. ಪೂರಾ.”

“ದಿನಾ?”

“ದಿನಾ ಅಂದ್ರ ದಿನಾ. ಹದಿಮೂರು ವರ್ಷ. ಅಷ್ಟು ಕುಡದ್ರೂ ಮುಂಜಾನೆ ಎದ್ದು ಮಂಗ್ಯಾ ಏರಿದಂಗ ಕಂಬ ಏರಾಂವ. ನಮ್ಮ ಗ್ಯಾಂಗಿನ್ಯಾಗ ಅಂವಗ ಏನಂತಿದ್ರು ಗೊತ್ತೇನ್ರಿ? ಟ್ಯಾಂಕರ್!” ಎಂದು ನಕ್ಕರು, ನಕ್ಕವರು ಹಾಗೆಯೇ ಮೂಗು ಸೀಟಿಕೊಂಡರು.

ಬಾಗಿಲ ಹೊರಗಿನಿಂದ ಶಿವಲೀಲಾ ಕೂಗಿದರು: “ಸುಳ್ಳು ಹೇಳಬ್ಯಾಡೋ ದ್ಯಾಮಣ್ಣ! ಅವರು ಒಂದು ಹನಿ ಮುಟ್ಟಿಲ್ಲ. ಬರ್ಕೊರಿ ಸಿಸ್ಟರ್, ನಾ ಹೇಳಿದ್ದು ಬರ್ಕೊರಿ.”

“ಅಕ್ಕಾರ, ಮನಿಯವರ ಮಾತು ಬರ್ಕೊಳ್ಳೋ ಹಂಗಿಲ್ರಿ. ನಿಯಮ ಐತ್ರಿ,” ಎಂದು ಸಿಸ್ಟರ್ ಬಾಗಿಲು ಮುಂದೆ ಮಾಡಿದರು.

ಡಾಕ್ಟರರು ಪೆನ್ನು ಕೆಳಗಿಟ್ಟ ಸದ್ದು ನನಗೆ ಕೇಳಿಸಿತು. ಹದಿಮೂರು ವರ್ಷ ದಿನಕ್ಕೊಂದು ಬಾಟ್ಲಿ ಎಂದರೆ ಆ ಹೃದಯ ನನಗೆ ಬರುವುದಿಲ್ಲ. ನನ್ನ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಾಗಿತ್ತು. ಒಳಗೇ ಸೊರಗಿದ ಹೃದಯ ಮೊದಲ ವಾರವೇ ಕೈಬಿಟ್ಟರೆ ತಿರುಗಿ ನಿಲ್ಲಿಸುವ ಉಪಾಯವಿಲ್ಲ. ಗಟ್ಟಿ ಶ್ವಾಸಕೋಶದ ಬೇರೆ ರೋಗಿಗೆ ಕೊಡುತ್ತಾರೆ, ಸಿಗದಿದ್ದರೆ ಯಾರಿಗೂ ಇಲ್ಲ. ಅವ್ವ ಕಿವಿ ನನ್ನ ಬಾಯಿಯ ಹತ್ತಿರ ತಂದು, “ಏನಂದ್ರು?” ಎಂದಳು.

ಸಿಸ್ಟರ್, ನಾನು ಹಾಜರಿ ಕರೆದಾಗ ‘ಪ್ರೆಸೆಂಟ್’ ಎನ್ನುವುದಕ್ಕೂ ಹೆದರುವವಳು. ವೈವಾದಲ್ಲಿ ನನ್ನ ಹೆಸರೇ ಮರೆತಿದ್ದೆ. ಆದರೆ ಕಾಲುವೆ ಪಾಠದ ನಮ್ಮ ಸರ್ ಮೊದಲ ತಿಂಗಳಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು. ರೈತನನ್ನು ಎಷ್ಟು ನೀರು ಬಿಟ್ಟುಕೊಂಡೆ ಎಂದು ಎಂದೂ ಕೇಳಬೇಡಿ. ಜಂಬವಿದ್ದರೆ ಹೆಚ್ಚು ಹೇಳುತ್ತಾನೆ, ಹೆದರಿದ್ದರೆ ಕಡಿಮೆ ಹೇಳುತ್ತಾನೆ. ತೂಬು ಯಾರು ಎತ್ತಿದರು, ಮೊದಲು ಯಾವ ಹೊಲಕ್ಕೆ ಹೋಯಿತು, ಆಮೇಲೆ ಯಾವುದಕ್ಕೆ, ಅದನ್ನು ಕೇಳಿ. ಪರದೆಯ ಹಿಂದೆ ಮಲಗಿದ್ದಾಗ ನನಗೆ ಅದೊಂದೇ ನೆನಪಾಯಿತು, ಬಾಯಿ ತಾನಾಗಿ ತೆರೆಯಿತು.

“ಕಾಕಾ, ಬಾಟ್ಲಿ ಮುಚ್ಚಳ ಯಾರು ತಗೀತಿದ್ರು?”

“ಸಂಪದಾ, ನೀ ಮಾತಾಡೋ ಹಂಗಿಲ್ಲ,” ಎಂದರು ಸಿಸ್ಟರ್. “ಕೇಳ್ಲಿ ಬಿಡ್ರಿ, ಎದಿ ಆಕಿದು,” ಎಂದಳು ಅವ್ವ, ಮಂದ ಕಿವಿಯವರು ಮಾತಾಡುವಷ್ಟು ಜೋರಾಗಿ.

“ಯಾರವ್ವ ನೀ?” ಎಂದರು ದ್ಯಾಮಣ್ಣ. “ಎಷ್ಟು ವಯಸ್ಸು ನಿಂದು?”

“ಹತ್ತೊಂಬತ್ತು, ಕಾಕಾ.”

ಅವರು ನೀರಿನ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಡಾಕ್ಟರರೂ ತಡೆಯಲಿಲ್ಲ.

“ಮುಚ್ಚಳ ನಾನ ತಗೀತಿದ್ದೆ.”

“ಮೊದಲ ಯಾರ ಲೋಟಕ್ಕ ಹಾಕ್ತಿದ್ರಿ?”

“ಅಂವನ ಲೋಟಕ್ಕ. ಎರಡು ಬೆರಳು.”

“ಆಮ್ಯಾಲ?”

“ನನಗ.”

“ಅದರ ಮ್ಯಾಲ?”

“ನನಗ ಯವ್ವಾ. ಅದರ ಮ್ಯಾಲೂ ನನಗ.”

“ಅವರ ಲೋಟ ಯಾವಾಗ ಖಾಲಿ ಆಗ್ತಿತ್ತು?”

“ಆಗ್ತಿದ್ದಿಲ್ಲ.” ಅವರ ಧ್ವನಿ ಈಗ ಬೇರೆಯೇ ಆಗಿತ್ತು. “ಅದನ್ನ ಹಿಡ್ಕೊಂಡು ನನ್ನ ಜೋಡಿ ಕೂಡ್ತಿದ್ದ, ನಾ ಒಬ್ಬನ ಕುಡೀಬಾರದು ಅಂತ. ಕುಡದು ಎಲ್ಲಿ ಬಿದ್ದಾನೋ ಇಂವ ಅಂತ. ಏಳೋ ಮುಂದ ಉಳದಿದ್ದು ಕಲ್ಲಿನ ಮ್ಯಾಲ ಚೆಲ್ಲಿ, ಲೋಟ ತೊಳದು ಇಡ್ತಿದ್ದ.”

“ಮತ್ತ ಟ್ಯಾಂಕರ್ ಅಂತ ಯಾಕ ಅಂತಿದ್ರು?” ಎಂದು ಈ ಸಲ ಡಾಕ್ಟರರು ಕೇಳಿದರು.

“ಅಂವ ಅನ್ನಿಸ್ಕೊಂಡ್ರಿ. ಏರಾಂವ ಕುಡುದ್ರ ಒಂದು ದಿನ ಕೆಲಸ ಕೊಡದ ಕೂಡಿಸ್ತಾರ. ಹಗ್ಗ ಹಿಡಿಯಾಂವ ಕುಡುದ್ರ ಹಗ್ಗಾನ ಕಸಕೊಂತಾರ, ಮತ್ತ ಕೊಡಂಗಿಲ್ಲ. ಖಾಲಿ ಬಾಟ್ಲಿ ನೋಡಿ ಯಾರರ ಕೇಳಿದ್ರ ‘ನಂದು’ ಅಂತಿದ್ದ. ನಾನೂ ಹೌದು ಅಂತ ನಗ್ತಿದ್ದೆ. ಹದಿಮೂರು ವರ್ಷ ಹಂಗ ಹೇಳಿ ಹೇಳಿ, ಇವತ್ತೂ ಅದ ಬಾಯಾಗ ಬಂತ್ರಿ. ಸತ್ತಾಂವನ ಹೆಸರಿನ ಮ್ಯಾಲ ನಂದೆಲ್ಲ ಹಾಕಿಬಿಟ್ಟೆ.”

ಆಮೇಲೆ ನಡೆದದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅಳುತ್ತಿದ್ದೆ. ಡಾಕ್ಟರರು ಸ್ಕ್ಯಾನನ್ನು ಮತ್ತೊಮ್ಮೆ ತೆರೆದು ನೋಡಿದರು, ಯಕೃತ್ತಿನ ವರದಿಯನ್ನೂ ತರಿಸಿದರು. ಒಂದು ಬಾಟ್ಲಿಯ ಮಾತು ಅದಕ್ಕೆ ಹೊಂದಿರಲಿಲ್ಲವೆಂದು, ಎರಡು ಬೆರಳಿನ ಮಾತು ಹೊಂದುತ್ತದೆಂದು ಅವರು ಒಪ್ಪಿದರು. ಬಾಟ್ಲಿ ಎಂದಾಗಲೇ ಅವರಿಗೂ ಅನುಮಾನ ಬಂದಿತ್ತಂತೆ. ಆದರೆ ಲೋಟಸಾಕ್ಷಿಯ ಮಾತಿನ ಮೇಲೆ ಅನುಮಾನ ಪಡುವುದು ನಮ್ಮಲ್ಲಿ ಯಾರಿಗೂ ಅಭ್ಯಾಸವಿಲ್ಲ. ಸಂಜೆ ಐದಕ್ಕೆ ನನ್ನನ್ನು ಒಳಗೆ ಕರೆದುಕೊಂಡು ಹೋದರು.

ನಲವತ್ತು ದಿನ ಕಳೆದವು, ಐದು ತಿಂಗಳೂ ಕಳೆದವು. ನಾನು ಎರಡನೇ ಮಹಡಿ ಹತ್ತುತ್ತೇನೆ. ಮೊದಲ ಸಲ ಹತ್ತಿದಾಗ ಮೇಲೆ ನಿಂತು ಒಗ್ಗರಣೆ ಮಂಡಕ್ಕಿಯ ವಾಸನೆ ಕುಡಿದೆ, ಉಸಿರು ಇತ್ತಲ್ಲ, ಹಾಗಾಗಿ. ಸೆಮಿಸ್ಟರ್ ತಪ್ಪಿದ್ದಕ್ಕೆ ಟೆನ್ಷನ್ ಇದೆ. ಈ ಟೆನ್ಷನ್ ಇರುವುದಕ್ಕೂ ಸಂತೋಷ. ನೀವು ಅಂದು ರಸ್ತೆ ದಾಟದಿದ್ದರೆ ದ್ಯಾಮಣ್ಣ ಕಾಕಾನನ್ನು ಯಾರೂ ಕರೆಯುತ್ತಿರಲಿಲ್ಲ. ಶಿವಲೀಲಾ ಅವರ ‘ಇಲ್ಲ’ವನ್ನು ಎಲ್ಲರೂ ನಂಬದೆ ತಲೆಯಾಡಿಸುತ್ತಿದ್ದರು, ಗ್ಯಾಂಗಿನವರ ‘ಟ್ಯಾಂಕರ್’ ಸುದ್ದಿ ಹೇಗೋ ಮುಟ್ಟುತ್ತಿತ್ತು, ಆ ಹೃದಯ ಬೇರೆ ಕಡೆ ಹೋಗುತ್ತಿತ್ತು. ನಿಮಗೆ ಮೆಮೊ ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮ ಹೆಸರನ್ನು ಸಣ್ಣ ಮಕ್ಕಳೂ ಹೇಳುತ್ತಾರೆ. ಧನ್ಯವಾದ ಎಂಬ ಪದ ಬರೆದು ಮೂರು ಸಲ ಅಳಿಸಿದೆ, ಇಷ್ಟು ದೊಡ್ಡದಕ್ಕೆ ಅದು ಸಣ್ಣದಾಗಿ ಕಾಣುತ್ತದೆ. ಆದರೂ ಇಟ್ಟುಕೊಳ್ಳಿ. ಧನ್ಯವಾದ.

ಕೇಳಿಕೆಯ ಮಾತು ಕೋಣೆ ದಾಟಬಾರದು ಎಂಬ ನಿಯಮವೂ ನಮ್ಮಲ್ಲಿದೆ. ಹಾಗಾಗಿ ದ್ಯಾಮಣ್ಣ ಕಾಕಾ ಸುಮ್ಮನಿದ್ದಿದ್ದರೆ ಅವರ ಹಗ್ಗ ಅವರ ಬಳಿಯೇ ಉಳಿಯುತ್ತಿತ್ತು. ಅವರು ಮರುದಿನ ತಾವೇ ಹೋಗಿ ಮೇಸ್ತ್ರಿಯ ಕೈಗೆ ಹಗ್ಗ ಕೊಟ್ಟು ಬಂದರು. ಈಗ ಕಂಬಗಳ ಕೆಳಗೆ ಬೇಲಿ ಕಾಯುತ್ತಾರೆ. ಕುಡಿತ ಬಿಟ್ಟಿದ್ದಾರೆ ಎಂದು ಬರೆಯಲು ನನಗೆ ಆಸೆ, ಆದರೆ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ. ಇದನ್ನೆಲ್ಲ ಬರೆಯಬಹುದೇ ಎಂದು ಅವರನ್ನೇ ಕೇಳಿದೆ. “ಬರಿ ಬರಿ. ನೂರಾ ನಲವತ್ತು ವರ್ಷದ ಹಿಂದಿನವರು ಬಂದು ನಮ್ಮ ಮೇಸ್ತ್ರಿಗೆ ಹೇಳ್ತಾರೇನು?” ಎಂದರು.

ಇನ್ನೊಂದು ವಿಷಯ ಹೇಳದೆ ಈ ಪತ್ರ ಮುಗಿಸುವಂತಿಲ್ಲ. ಅದಕ್ಕೇ ಮುಖ್ಯವಾಗಿ ಬರೆಯುತ್ತಿದ್ದೇನೆ, ನೀವು ಬೇಸರ ಮಾಡಿಕೊಳ್ಳಬಾರದು. ಕಳೆದ ಭಾನುವಾರ ಶಿವಲೀಲಾ ಅಕ್ಕ ಹಾಸ್ಟೆಲ್‌ಗೆ ಬಂದಿದ್ದರು. ವಿಸಿಟರ್ಸ್ ಪುಸ್ತಕದಲ್ಲಿ ಸಂಬಂಧ ಏನೆಂದು ಬರೆಯಬೇಕು; ಅವರು ಆ ಜಾಗ ಖಾಲಿ ಬಿಟ್ಟಿದ್ದರು, ವಾರ್ಡನ್ ಮೇಡಂ ಏನೂ ಕೇಳದೆ ಒಳಗೆ ಬಿಟ್ಟರು. ನನ್ನ ಎದೆಗೆ ಕಿವಿ ಇಡಬೇಕೆಂದು ಕೇಳಬಹುದು ಎಂದು ಹೆದರಿದ್ದೆ. ಕೇಳಲಿಲ್ಲ. ಮೆಸ್ಸಿನ ರೊಟ್ಟಿ ತಿಂದು, “ಇದೇನಿದು, ಚಪ್ಪಲಿ ಇದ್ದಂಗೈತಿ” ಎಂದು ಬೈದರು. ಹೊರಡುವಾಗ ಹೇಳಿದರು: “ಕೇಳಿಕಿ ಪುಸ್ತಕದಾಗ ಎಲ್ಲಾರ ಮಾತೂ ಐತಿ ತಂಗಿ. ದ್ಯಾಮಣ್ಣ ಮೊದಲ ಹೇಳಿದ ಸುಳ್ಳೂ ಐತಿ, ಆಮ್ಯಾಲ ಹೇಳಿದ ಖರೇನೂ ಐತಿ. ನಾ ಬಾಗಲಾಗ ನಿಂತು ಕೂಗಿದ್ದು ಒಂದ ಇಲ್ಲ.”

ಸಿಸ್ಟರ್, ನಿಮ್ಮ ಪುಟದಲ್ಲಿ ನೀವು ಹೆಂಡತಿಯನ್ನು ಮೊದಲು ಕೇಳಿದ್ದೀರಿ. ನಾವು ಆ ಭಾಗ ಬಿಟ್ಟು ರಸ್ತೆ ದಾಟಿದ್ದನ್ನು ಮಾತ್ರ ನಿಯಮ ಮಾಡಿಕೊಂಡೆವು. ಮನೆಯವರು ನಾಚಿಕೆಗೆ ಸುಳ್ಳು ಹೇಳುತ್ತಾರೆಂದು ನಮ್ಮ ಪಠ್ಯದಲ್ಲೇ ಇದೆ. ಹಾಗಾಗಿ ಪುಸ್ತಕದಲ್ಲಿ ಅವರಿಗೆ ಒಂದು ಸಾಲೂ ಇಲ್ಲ, ಮತ್ತು ಅಂದು ಆ ಆಸ್ಪತ್ರೆಯಲ್ಲಿ ನಿಜಕ್ಕೆ ಎಲ್ಲರಿಗಿಂತ ಹತ್ತಿರ ಇದ್ದವರನ್ನು ಬಾಗಿಲ ಹೊರಗೆ ನಿಲ್ಲಿಸಿ ನಾನು ಸಾಯುವುದರಲ್ಲಿದ್ದೆ. ಪುಸ್ತಕ ತಿದ್ದುವ ಅಧಿಕಾರ ಫಸ್ಟ್ ಇಯರ್ ಹುಡುಗಿಗೆ ಇಲ್ಲ. ಆದ್ದರಿಂದ ಅವರು ಹೇಳಿದ್ದನ್ನು ಅವರನ್ನೇ ಎದುರಿಗೆ ಕೂರಿಸಿಕೊಂಡು ಇಲ್ಲಿ ಬರೆದುಕೊಂಡಿದ್ದೇನೆ:

“ನಾನು ಶಿವಲೀಲಾ, ನಿಂಗರಾಜನ ಹೆಂಡತಿ. ನಮ್ಮವರು ಎರಡು ಬೆರಳು ತಗೋತಿದ್ರು, ಅದರಾಗ ಅರ್ಧ ಚೆಲ್ತಿದ್ರು. ನನಗ ಮೊದಲಿಂದ ಗೊತ್ತಿತ್ತು. ಅಷ್ಟಕ್ಕ ಸತ್ತ ಮ್ಯಾಲ ಕುಡಕ ಅನ್ನಿಸ್ಕೊಬಾರದು ಅಂತ ಒಂದು ಹನಿ ಇಲ್ಲ ಅಂದೆ. ಅದು ನನ್ನ ತಪ್ಪು. ಯಾರರ ಎರಡನೇ ಸಲ ಕೇಳಿದ್ರ ಖರೇ ಹೇಳ್ತಿದ್ದೆ. ಯಾರೂ ಕೇಳಲಿಲ್ಲ.”

ಈ ಪತ್ರ ನಿಮಗೆ ಆ ಮಾರ್ಚ್ ತಿಂಗಳಿಗಿಂತ ಮುಂಚೆ ಮುಟ್ಟಿದರೆ, ರಸ್ತೆ ದಾಟಿ ಹೋಗಿ, ಮೆಮೊಗೆ ಹೆದರಬೇಡಿ. ನೀವು ಹೆದರುವವರಲ್ಲ, ಹೆದರುವವಳು ನಾನು. ಗೆಳೆಯನ ಮಾತು ಕೇಳಿಕೊಂಡು ವಾಪಸ್ ಬಂದ ಮೇಲೆ, ನೆಲ ನೋಡುತ್ತಾ ಕೂತಿರುವ ಆ ಹೆಂಗಸಿನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತು, ದಯವಿಟ್ಟು ಇನ್ನೊಂದು ಸಲ ಕೇಳಿ. ಆಕೆ ಏನೆಂದಳು ಎಂಬುದನ್ನು ಅದೇ ನೀಲಿ ಪೆನ್ನಿನಲ್ಲಿ ಬರೆದಿಡಿ.

ನಿಮ್ಮ ಋಣದಲ್ಲಿ ಉಸಿರಾಡುತ್ತಿರುವ,
ಸಂಪದಾ ಬಣಕಾರ
ಫಸ್ಟ್ ಇಯರ್, ನೀರಾವರಿ ಕಾಲೇಜು ಹಾಸ್ಟೆಲ್, ಎರಡನೇ ಮಹಡಿ